ಗಾಲಿ ಹಾಯ್ದ ಕೌದಿ

ನಮ್ಮ ಮನೆಯಲ್ಲೊಂದು ಕೌದಿ ಇದೆ. ಅದರ ನಡುವೆ, ಈ ಮೂಲೆಯಿಂದ ಆ ಮೂಲೆಗೆ, ಗಾಡಿಯ ಗಾಲಿ ಹಾಯ್ದ ಗುರುತು. ಎರೆಮಣ್ಣಿನ ಕಪ್ಪು. ಸಾಬೂನು ಹಚ್ಚಿ ತಿಕ್ಕಿದೆ, ಸೋಡಾ ಹಾಕಿ ಕುದಿಸಿದೆ, ಹಳ್ಳದ ಕಲ್ಲಿಗೆ ಎತ್ತೆತ್ತಿ ಬಡಿದೆ. ಕೌದಿಯೊಳಗಿನ ಸೀರೆಗಳ ಬಣ್ಣ ಹೋಯಿತು, ನನ್ನ ರಟ್ಟೆಯ ಬಲ ಹೋಯಿತು, ಗಾಲಿ ಮಾತ್ರ ಹೋಗಲಿಲ್ಲ.

ಮೊನ್ನೆ ಅದನ್ನು ಬಿಸಿಲಿಗೆಂದು ಅಂಗಳದ ಗೋಡೆಯ ಮೇಲೆ ಹರವಿದ್ದೆ. ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ನೋಡಿ ಗಾಬರಿಯಾದಳು.

“ಕಾಕೂ, ಗಾಡಿ ಹಾಯೂ ಮುಂದ ಇದರಾಗ ಯಾರರ ಮಲಗಿದ್ರೇನ್ರಿ?”

“ಇಲ್ಲವಾ, ಗಾಡೀನ ಮಲಗಿತ್ತು. ಅದನ್ನ ಎಬ್ಬಸಾಕ ಹಾಸಿದ್ವಿ,” ಎಂದೆ.

ಅವಳಿಗೆ ತಿಳಿಯಲಿಲ್ಲ. ನಿಮಗೂ ತಿಳಿದಿರಲಿಕ್ಕಿಲ್ಲ. ಹೇಳುತ್ತೇನೆ. ಆದರೆ ನನ್ನ ಮಾತು ಡಾಂಬರು ರಸ್ತೆಯಂತೆ ನೆಟ್ಟಗೆ ಹೋಗುವುದಿಲ್ಲ, ಕಾಲುವೆ ದಂಡೆಯ ದಾರಿಯ ಹಾಗೆ ನಡುನಡುವೆ ಹೊಲಕ್ಕಿಳಿದು ಮತ್ತೆ ಏರಿ ಬರುತ್ತದೆ. ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಂಡು ಕುಳಿತುಕೊಳ್ಳಿ.

ನನ್ನ ಮೈದುನ ಈರಣ್ಣನಿಗೆ ಮಹಾರಾಷ್ಟ್ರದ ಗಡಿಯೊಳಗಿನ ಜತ್ತಿನಲ್ಲಿ ಮೊಬೈಲ್ ರಿಪೇರಿ ಅಂಗಡಿ. ಊರವರ ಮೊಬೈಲು ಸರಿಯಾಯಿತೋ ಇಲ್ಲವೋ ಎಂದು ನೋಡುವ ನೆಪದಲ್ಲಿ ದಿನವಿಡೀ ವಿಡಿಯೋ ನೋಡುವುದು ಅವನ ಉದ್ಯೋಗದ ಭಾಗ. ಒಂದು ಸಂಜೆ ಅಸಂಗಿಗೆ, ಅಂದರೆ ನಮ್ಮ ಮನೆಗೆ, ಕಣ್ಣರಳಿಸಿಕೊಂಡು ಬಂದ.

“ವೈನಿ, ಓವರ್‌ಲ್ಯಾಂಡಿಂಗ್ ಅಂತ ಒಂದೈತ್ರಿ. ಎಂಥಾ ಜೀವನ ಅಂತೀರಿ!”

ನಮ್ಮನೆಯವರು ಊಟಕ್ಕೆ ಕುಳಿತಿದ್ದರು. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಹೇಳಿದರು: “ಓವರ್‌ಲೋಡಿಂಗ? ಅದರಾಗ ಏನ್ ಜೀವನ ಐತೋ ಈರ್ಯಾ? ಹೋದ ವಾರನ ಉಳ್ಳಾಗಡ್ಡಿ ಹೇರ್ಕೊಂಡು ಹೊಂಟಾಗ ಪೊಲೀಸರು ದಂಡದ ಪಾವತಿ ಹರದು ಕೈಯಾಗ ಕೊಟ್ರು.”

“ಲೋಡಿಂಗ್ ಅಲ್ಲಣ್ಣಾ, ಲ್ಯಾಂಡಿಂಗ್!”

ಅವನು ಬಿಡಿಸಿ ಹೇಳಿದ. ಹೆದ್ದಾರಿ ಬಿಟ್ಟು ಕಚ್ಚಾ ದಾರಿಯಲ್ಲಿ ದಿನಗಟ್ಟಲೆ ಹೋಗುವುದು. ಹೋಟೆಲ್ಲಿಲ್ಲ, ಲಾಡ್ಜಿಲ್ಲ. ಗಾಡಿಯಲ್ಲೇ ಅಡುಗೆ, ಗಾಡಿಯಲ್ಲೇ ನಿದ್ದೆ. ಅದಕ್ಕೆ ಬೇರೆಯದೇ ಗಾಡಿ ಬೇಕು, ನಾಲ್ಕೂ ಗಾಲಿ ಎಳೆಯುವಂಥದು. ತಲೆಯ ಮೇಲೆ ಬಿಚ್ಚಿಕೊಳ್ಳುವ ಡೇರೆ, ಹೊಟ್ಟೆಯಲ್ಲಿ ಫ್ರಿಜ್, ಬೆನ್ನಿಗೆ ನೀರಿನ ಟಾಕಿ, ಮೂತಿಗೆ ವಿಂಚು. ವಿಂಚು ಎಂದರೆ ಕೆಸರಿನಲ್ಲಿ ಸಿಕ್ಕ ಗಾಡಿ ತನ್ನನ್ನು ತಾನೇ ಹಗ್ಗ ಹಾಕಿ ಎಳೆದುಕೊಳ್ಳುವ ಯಂತ್ರ.

ನಾನು ಬಾಯಲ್ಲಿ ಹೂಂಗುಟ್ಟುತ್ತಿದ್ದೆ, ಮನಸ್ಸು ಮಾತ್ರ ಮಾಡಗ್ಯಾಳಕ್ಕೆ ಹೋಗಿತ್ತು. ಮಾಡಗ್ಯಾಳ ನನ್ನ ತವರು, ಕುರಿಗಳ ಊರು. ಮಳೆ ಮುಗಿದ ಮೇಲೆ ಅಲ್ಲಿಯ ಕುರಿಗಾರರು ಹಿಂಡು ಹೊಡೆದುಕೊಂಡು ತಿಂಗಳುಗಟ್ಟಲೆ ಹೋಗಿಬಿಡುತ್ತಾರೆ. ಅವರ ಸಂಸಾರವೆಲ್ಲ ಒಂದು ಕುದುರೆಯ ಮೇಲೆ. ಕೆಳಗೆ ಗೂಟ, ಬಲೆ. ಅದರ ಮೇಲೆ ಕಂಬಳಿ. ಅದರ ಮೇಲೆ ಹಿಟ್ಟಿನ ಚೀಲ, ಗಡಿಗೆ, ಹಂಚು. ಪಕ್ಕದ ಜೋಳಿಗೆಯಲ್ಲಿ ಮೊನ್ನೆ ಹುಟ್ಟಿದ ಮರಿ. ಎಲ್ಲಕ್ಕಿಂತ ಮೇಲೆ, ಕಾಲಿಗೆ ದಾರ ಕಟ್ಟಿಸಿಕೊಂಡು, ಊರ ಪಾಟೀಲನ ಹಾಗೆ ಕುಳಿತ ಕೋಳಿ. ನಾನು ಆರೇಳು ವರ್ಷದವಳಿದ್ದಾಗ ಆ ಕುದುರೆಯ ಮೇಲೆ ಕೂರಬೇಕೆಂದು ನೆಲಕ್ಕೆ ಬಿದ್ದು ಹೊರಳಾಡಿ ಅತ್ತಿದ್ದೆ. ಕುರಿಗಾರ ಹೆಂಗಸು ಸೊಂಟಕ್ಕೆ ಕೈಯಿಟ್ಟು, “ಯವ್ವಾ, ಜಾಗಾ ಇಲ್ಲ. ಬೇಕಂದ್ರ ಕೋಳಿನ ಕೇಳ. ಅದು ಇಳೀತೇನಂದ್ರ ನೀ ಹತ್ತು,” ಎಂದಿದ್ದಳು. ನಾನು ನಿಜವಾಗಿ ಕೇಳಿದೆ. ಕೋಳಿ ಒಪ್ಪಲಿಲ್ಲ.

ಅದೇ ನನ್ನ ಕಣ್ಣಿಗೆ ಕಂಡ ಮೊದಲ ಓವರ್‌ಲ್ಯಾಂಡಿಂಗ್ ಗಾಡಿ ಎಂದು ಈರಣ್ಣನಿಗೆ ಹೇಳಿದೆ. “ಅದಕ್ಕ ವಿಂಚ್ ಇರಲಿಲ್ಲಲ್ರಿ,” ಎಂದ ಅವನು.

ಮುಂದಿನ ತಿಂಗಳು ಎಲ್ಲಿಂದಲೋ ಒಂದು ಹಳೆಯ ಜೀಪು ತಂದ. ಜತ್ತಿನ ಓಣಿಯಲ್ಲಿ ನಿಲ್ಲಿಸಲು ಜಾಗವಿಲ್ಲವೆಂದು ನಮ್ಮ ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದ. ನಿಂತಿತು. ಎರಡು ದೀಪಾವಳಿ ನಿಂತೇ ಇತ್ತು. ಡೇರೆ ಬಂದರೆ ಏಣಿ ಬರಲಿಲ್ಲ, ಏಣಿ ಬಂದರೆ ಅದರ ಬೋಲ್ಟು ಬರಲಿಲ್ಲ. “ಇನ್ನೊಂದು ಸಾಮಾನು ಬರೂದೈತಿ ವೈನಿ, ಬಂತಂದ್ರ ಹೊಂಟ್ವಿ!” ಇಷ್ಟರಲ್ಲಿ ನಮ್ಮ ಕೋಳಿ ಆ ಜೀಪಿನ ತಲೆಯ ಮೇಲಿನ ಡೇರೆಯ ಮಡಿಕೆಯಲ್ಲಿ ಮೊಟ್ಟೆಯಿಡಲು ಕಲಿತಿತ್ತು. ಕುದುರೆಯೇ ಇರಲಿ ಜೀಪೇ ಇರಲಿ, ಎಲ್ಲಿ ಕೂರಬೇಕೆಂಬುದು ಕೋಳಿಗಳಿಗೆ ಸರಿಯಾಗಿ ಗೊತ್ತು.

ಈ ನಡುವೆ ನಮ್ಮೂರ ಕೆರೆಗೆ ಕಾಲುವೆ ನೀರು ಬಂತು. ಕೃಷ್ಣಾ ನದಿಯ ನೀರು. ಮ್ಹೈಸಾಳದ ಕಡೆಯಿಂದ ಎತ್ತಿ, ಗುಡ್ಡ ಏರಿಸಿ, ಇಳಿಸಿ, ಮತ್ತೆ ಏರಿಸಿ ಇಷ್ಟು ದೂರ ತಂದ ನೀರು. ಊರಿನವರು ಪಟಾಕಿ ಹೊಡೆದರು, ಪೇಡೆ ಹಂಚಿದರು, ನೀರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನಮ್ಮ ಅತ್ತೆ ಕೋಲೂರಿಕೊಂಡು ಬಂದು, ಕೆರೆಯ ಬಾಯಲ್ಲಿ ಅರಿಷಿಣ ಕುಂಕುಮ ಬಿಟ್ಟು, ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು, “ಸೊಸಿ ಮನಿ ತುಂಬಿದ್ಲು,” ಎಂದರು.

ಅತ್ತೆಯವರ ತವರು ಗಡಿಯ ಆಚೆ, ವಿಜಯಪುರದ ಕಡೆ. ಐವತ್ತು ವರ್ಷ ಮಹಾರಾಷ್ಟ್ರದಲ್ಲಿದ್ದರೂ ಅವರ ಮರಾಠಿ ‘ಕಾಯ್’ ಅಂದರೆ ಏನು, ‘ನಾಹಿ’ ಅಂದರೆ ಇಲ್ಲ, ಈ ಎರಡು ಮಾತಿನ ಆಚೆಗೆ ಹೋಗಿಲ್ಲ. ಬೇಕಾದ್ದಕ್ಕೆಲ್ಲ ಅಷ್ಟೇ ಸಾಕಂತೆ. ಲಿಂಗಪೂಜೆಯಾಗದೆ ಒಂದು ಗುಟುಕು ನೀರು ಕುಡಿಯುವವರಲ್ಲ, ಗುಡ್ಡಾಪುರದ ದಾನಮ್ಮನ ಅಮಾವಾಸ್ಯೆ ತಪ್ಪಿಸುವವರಲ್ಲ, ತಲೆಗೆ ಹೊಕ್ಕ ಮಾತನ್ನು ಬಿಡುವವರಂತೂ ಅಲ್ಲವೇ ಅಲ್ಲ. ಅಂದು ಸಂಜೆ ನಡುಮನೆಯಲ್ಲಿ ಕುಳಿತು ಒಂದು ಮಾತು ತೆಗೆದರು.

“ಸೊಸಿನ್ನೇನೋ ಕರಕೊಂಡು ಬಂದೀವಿ. ಬೀಗರ ಮನಿಗಿ ಹೋಗೇ ಇಲ್ಲಲ್ಲ?”

“ಯಾವ ಬೀಗರ್ರಿ?” ಎಂದೆ.

“ಕೃಷ್ಣಾಬಾಯಿ! ಆಕೀ ಮಗಳು ನಮ್ಮೂರಾಗ ಹರಿಯಾಕತ್ತಾಳ. ನಾವು ಬುತ್ತಿ ಒಯ್ದು ಆಕೀಗಿ ಉಡಿ ತುಂಬಿ ಬರೂದು ಬ್ಯಾಡೇನು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಒಲೆಯ ಮೇಲೆ ಏನೋ ಇಟ್ಟಿದ್ದೇನೆಂದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ನಮ್ಮ ಕಡೆ ಮದುವೆಯಾದ ವರ್ಷ ಗಂಡಿನ ಮನೆಯವರು ರೊಟ್ಟಿ, ಹೋಳಿಗೆಯ ಬುತ್ತಿ ಕಟ್ಟಿಕೊಂಡು ಹೆಣ್ಣಿನ ತವರಿಗೆ ಹೋಗಬೇಕು, ಬೀಗತಿಯ ಉಡಿ ತುಂಬಬೇಕು, ಉಂಡು ಬರಬೇಕು. ಅಸಂಗಿಯಿಂದ ಮಾಡಗ್ಯಾಳವೇನು ಕಾಶಿಯಲ್ಲ. ಆದರೆ ನಮ್ಮ ಮಾವನವರು ಮರ್ಯಾದೆಯ ಮನುಷ್ಯ. ಮೊದಲ ಸಲ ಬೀಗರ ಮನೆಗೆ ಚಕ್ಕಡಿಯಲ್ಲಿ ಹೋಗುವುದೆಂದರೇನು? ಕಾರಿನಲ್ಲೇ ಹೋಗಬೇಕು. ಸಂಬಂಧಿಕರೊಬ್ಬರ ಕಾರಿತ್ತು, ಅದು ಈ ಸೋಮವಾರ ಬಿಡುವಾಗಲಿಲ್ಲ, ಮುಂದಿನ ಸೋಮವಾರ ಗಾಲಿ ಕೆಟ್ಟಿತು, ಅದರ ಮುಂದಿನ ಸೋಮವಾರ ಅಮಾವಾಸ್ಯೆ. ಅಲ್ಲಿ ನಮ್ಮಪ್ಪ ಸೋಮವಾರ ಬಂದರೆ ಕಟ್ಟೆ ಗುಡಿಸಿ, ಹೊಸ ಕೌದಿ ಹಾಸಿ, ರಸ್ತೆ ನೋಡುತ್ತ ಕುಳಿತಿರುತ್ತಿದ್ದನಂತೆ. ಹೀಗೆ ಎರಡು ವರ್ಷ. ಆಮೇಲೆ ಕಾರು ಸಿಕ್ಕಿತು, ನಮ್ಮಪ್ಪ ಇರಲಿಲ್ಲ. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ನಾನು ಇದನ್ನು ಯಾರ ಮುಂದೂ ಆಡಿರಲಿಲ್ಲ, ಅತ್ತೆಯವರೂ ಆಡಿರಲಿಲ್ಲ. ದಾನಮ್ಮ ತಾಯಿ ಕೊಟ್ಟ ಒಳ್ಳೆಯದನ್ನು ಸಂಜೆ ದೀಪ ಹಚ್ಚುವಾಗ ಎಣಿಸುವ ಚಟ ನನಗೆ. ಇಂಥದ್ದು ಆ ಎಣಿಕೆಯಲ್ಲಿ ಬರುವುದಿಲ್ಲ.

ಅತ್ತೆಯವರಿಗೆ ಬೀಗರ ಮನೆ ನೋಡುವ ಅವಸರ ಬೇರೆಯೇ ಇತ್ತು. ಅವರ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರ ನರ ಒಣಗುತ್ತಿದೆ, ಇದ್ದಷ್ಟು ದಿನ ಎಂದು ಮಿರಜದ ಡಾಕ್ಟರು ಹೇಳಿದ್ದರು. ಬಿಸಿಲಿದ್ದಾಗ ಕಾಣುತ್ತಿತ್ತು. ಹೊತ್ತು ಮುಳುಗಿದರೆ, ಅವರೇ ಹೇಳುವಂತೆ, ಮಗನ ಮುಖವೂ ಒಂದೇ, ಗೋಡೆಯೂ ಒಂದೇ.

“ಯವ್ವಾ, ಜೀಪ್ ತಯಾರಾಗ್ಲಿ. ಕಾಲುವಿ ದಂಡಿ ಹಿಡದ ಹೋಗೂಣು, ಅದ ನಮ್ಮ ಓವರ್‌ಲ್ಯಾಂಡಿಂಗ್,” ಎಂದು ಈರಣ್ಣ ಮಾತು ಕೊಟ್ಟ. ಅತ್ತೆ ಕಾದರು. ಕಾಲುವೆಗೆ ಆ ಸರದಿ ಬಿಟ್ಟ ನೀರು ಬಂದು ನಿಂತಿತು, ಇನ್ನೊಂದು ಸರದಿಯ ನೀರೂ ಬಂದು ನಿಂತಿತು. ಮೂರನೆಯ ಸಲ ನೀರು ಬಿಟ್ಟ ಸುದ್ದಿ ಬಂದ ದಿನ ಅತ್ತೆ ಬೇವಿನ ಮರದ ಕೆಳಗೆ ಹೋಗಿ ನಿಂತರು. ಜೀಪು ಬಾಯಿ ತೆರೆದುಕೊಂಡು ವೈರುಗಳನ್ನೆಲ್ಲ ಹೊರಗೆ ಚೆಲ್ಲಿಕೊಂಡಿತ್ತು. ಮೇಲಿಂದ ಕೋಳಿ ನೋಡುತ್ತಿತ್ತು.

“ನಾಳಿ ಹೊಂಡೂದು,” ಎಂದರು ಅತ್ತೆ.

“ಯವ್ವಾ, ಇನ್ನೊಂದು ಸಾಮಾನು...”

“ನನ್ನ ಕಣ್ಣು ನಿನ್ನ ಸಾಮಾನಿನ ದಾರಿ ಕಾಯಂಗಿಲ್ಲೋ ಈರಾ.”

ಆಗ ನಮ್ಮನೆಯವರು, ದಿನಕ್ಕೆ ನಾಲ್ಕು ಮಾತಿಗಿಂತ ಹೆಚ್ಚು ಆಡದವರು, ಎರಡು ಮಾತು ಖರ್ಚು ಮಾಡಿದರು: “ಪಿಕಪ್ ಐತಲ್ಲ.”

ನಮ್ಮ ಪಿಕಪ್ ಗಾಡಿಗೆ ಯಾವ ವಿಶೇಷ ಸೌಲಭ್ಯವೂ ಇಲ್ಲವೆಂದರೆ ತಪ್ಪಾಗುತ್ತದೆ. ಅದರ ಎಡಗಡೆಯ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಬಲಕ್ಕೆ ಹೊರಳಿದರೆ ಹಾರ್ನು ತಾನೇ ಹೊಡೆದುಕೊಳ್ಳುತ್ತದೆ. ಉಳ್ಳಾಗಡ್ಡಿ, ದಾಳಿಂಬೆ, ಆಡು, ಹಾಸಿಗೆ, ಮದುವೆಯ ಪಾತ್ರೆ ಎಲ್ಲವನ್ನೂ ಹೊತ್ತು ಎಲ್ಲದರ ವಾಸನೆಯನ್ನೂ ಒಂದೊಂದು ಚಿಟಿಕೆ ಇಟ್ಟುಕೊಂಡಿದೆ. ನಸುಕಿನಲ್ಲಿ ಹಿಂಭಾಗಕ್ಕೆ ಜೋಳದ ಕಣಿಕೆ ಹರಡಿ, ಮೇಲೆ ಅತ್ತೆಯವರ ಕೌದಿ ಹಾಸಿದೆ. ಅದೇ ಈ ಕೌದಿ. ಮಾವನವರ ಧೋತರ, ಅತ್ತೆಯವರ ಎರಡು ಇಳಕಲ್ ಸೀರೆ, ನನ್ನ ಮದುವೆಯದೊಂದು, ಈರಣ್ಣನ ತೊಟ್ಟಿಲ ಬಟ್ಟೆ ಎಲ್ಲವೂ ಅದರಲ್ಲಿವೆ.

ಈರಣ್ಣ ಜೀಪಿನಿಂದ ಕೈಗೆ ಸಿಕ್ಕ ಸಾಮಾನನ್ನೆಲ್ಲ ಪಿಕಪ್ಪಿಗೆ ಏರಿಸತೊಡಗಿದ. ಮಡಚುವ ಒಲೆ ಕಂಡದ್ದೇ ಅತ್ತೆಯವರ ಕೋಲು ಅಡ್ಡ ಬಂತು.

“ಅದೇನದು?”

“ಒಲಿ ಯವ್ವಾ. ದಾರ್ಯಾಗ ಅಡಗಿ ಮಾಡಾಕ.”

“ಬೀಗರ ಮನಿಗಿ ಹೊಂಟಾಗ ಯಾರರ ಒಲಿ ಹೊತ್ಗೊಂಡ ಹೋಗ್ತಾರೇನೋ? ನಿಮ್ಮ ಮನ್ಯಾಗ ಕೂಳಿಲ್ಲ ಅಂದಂಗ ಆಗತೈತಿ. ಇಳಿಸು!”

ಬುತ್ತಿ ಒಯ್ಯಬಹುದು, ಒಲೆ ಒಯ್ಯಬಾರದು. ಡೇರೆಗೂ ಅದೇ ಗತಿಯಾಯಿತು: “ಅವರ ಮನ್ಯಾಗ ಜಂತಿ ಇಲ್ಲೇನು?” ಮಡಚುವ ಕುರ್ಚಿಯೊಂದೇ ಉಳಿಯಿತು, ಅದೂ ಅದರ ಕೈಯಲ್ಲಿ ಲೋಟ ಇಡುವ ತೂತು ಅತ್ತೆಯವರ ವಿಭೂತಿ ಡಬ್ಬಿಗೆ ಸರಿಯಾಗಿ ಹೊಂದಿದ್ದರಿಂದ. ನನ್ನ ಮಡಿಲಲ್ಲಿ ಉಡಿಯ ಸಾಮಾನು: ಹಸಿರು ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ, ಹಸಿರು ಬಳೆ. ಪಕ್ಕದಲ್ಲಿ ಶೇಂಗಾ ಹೋಳಿಗೆಯ ಬುತ್ತಿ. ಉಡಿ ತುಂಬುವವರೆಗೆ ತಾನು ಉಣ್ಣುವುದಿಲ್ಲವೆಂದು ಅತ್ತೆ ದೇವರ ಮುಂದೆ ಹೇಳಿಬಿಟ್ಟಿದ್ದರು. ಚಹಾ ಕುಡಿಯಬಹುದೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಚಾ ಊಟದಾಗ ಬರಂಗಿಲ್ಲ,” ಎಂದು ತೀರ್ಪು ಕೊಟ್ಟರು.

ಕಾಲುವೆ ದಂಡೆಯ ಕಚ್ಚಾ ದಾರಿ ಹಿಡಿದು, ನೀರಿಗೆ ಎದುರಾಗಿ ಹೊರಟೆವು. ಅದು ನಮ್ಮ ಕಡೆ ಬರುತ್ತಿತ್ತು, ನಾವು ಅದರ ಮನೆಯ ಕಡೆ ಹೋಗುತ್ತಿದ್ದೆವು. ಜಾಲಿಯ ಕೊಂಬೆಗಳು ಬಗ್ಗಿ ಬಗ್ಗಿ ನಮ್ಮನ್ನು ಮುಟ್ಟಿ ನೋಡುತ್ತಿದ್ದವು. ತಗ್ಗು ಬಂದಾಗಲೆಲ್ಲ ನಾನು “ತಾಯಿ ದಾನಮ್ಮಾ” ಎನ್ನುತ್ತಿದ್ದೆ, ಬಲಕ್ಕೆ ಹೊರಳಿದಾಗಲೆಲ್ಲ ಪಿಕಪ್ಪೂ ಏನೋ ಎನ್ನುತ್ತಿತ್ತು. ಒಂದೆಡೆ ಕಾಲುವೆ ಮಾಯವಾಗಿ, ಆಳೆತ್ತರದ ಪೈಪುಗಳು ಗುಡ್ಡ ಏರಿ ಹೋಗಿದ್ದವು. ಅತ್ತೆ ಗಾಡಿ ನಿಲ್ಲಿಸಲು ಹೇಳಿದರು.

“ನೀರು ಎಲ್ಲಿ?”

“ಪೈಪಿನ್ಯಾಗ ಐತಿ ಯವ್ವಾ. ಕೆಳಗಿಂದ ಮ್ಯಾಲ ಒತ್ತತಾರ,” ಎಂದ ಈರಣ್ಣ.

ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು. “ಮೇಣೇದಾಗ ಕುಂದ್ರಿಸಿ ಹೊತ್ಕೊಂಡ ಬಂದಾರ,” ಎಂದರು. “ನಮಗ ಗೊತ್ತ ಇಲ್ಲ ನೋಡ.”

ಮಧ್ಯಾಹ್ನಕ್ಕೆ ಒಂದು ಪಂಪ್‌ಹೌಸಿನ ಗೇಟಿನ ಮುಂದೆ ದೊಡ್ಡ ಬೇವಿನ ಮರದ ನೆರಳು ಸಿಕ್ಕಿತು. ಗಂಡಸರು ರೊಟ್ಟಿ ತಿಂದು ಅಲ್ಲೇ ಅಡ್ಡಾದರು. ನಾನು ಕೌದಿಯ ಅಂಚಿಗೆ ತಲೆ ಇಟ್ಟೆ. ಅತ್ತೆ ಹೊಟ್ಟೆಗಿಲ್ಲದೆ, ಕಣ್ಣು ಮುಚ್ಚಿ ಸುಮ್ಮನೆ ಮಲಗಿದ್ದರು. ಎಷ್ಟು ಹೊತ್ತಾಯಿತೋ, ಖಾಕಿ ಅಂಗಿಯ ಕಾವಲುಗಾರನೊಬ್ಬ ಕೈ ಬೀಸುತ್ತ ಬಂದ.

“ಓ ಆಜೀ! ಉಠಾ, ಉಠಾ!”

ಮರಾಠಿಯಲ್ಲಿ ಆಜೀ ಎಂದರೆ ಅಜ್ಜಿ, ಉಠಾ ಎಂದರೆ ಏಳಿ ಎಂದು. ನಮ್ಮ ಗಾಡಿ ಗೇಟಿಗೆ ಅಡ್ಡವಾಗಿತ್ತು, ಪಾಪ. ಅತ್ತೆ ಎದ್ದು ಕುಳಿತು ಸೆರಗು ಸರಿಮಾಡಿಕೊಂಡರು.

“ಇರ್ಲಿಪಾ. ಈಗ ಒಲ್ಲೆ. ನಂದು ನೇಮ ಐತಿ.”

“ಉಠಾ ಆಜೀ, ಉಠಾ!”

“ಒಲ್ಲೆ ಅಂದ್ನೆಲ್ಲೋ ತಮ್ಮಾ! ಉಡಿ ತುಂಬೂತನಕ ನಾ ಉಣ್ಣಂಗಿಲ್ಲ.”

“ಅಹೋ ಆಜೀ, ಉಠಾ ಉಠಾ ಉಠಾ!”

ಅತ್ತೆಯವರ ಮುಖ ಅರಳಿತು. ನನ್ನನ್ನು ತಟ್ಟಿ ಎಬ್ಬಿಸಿದರು. “ಕಸ್ತೂರಿ, ಏಳ. ನೀವರ ಉಣ್ಣ ಹೋಗ್ರಿ. ಬೀಗರ ಕಡಿಯಾಂವ ಬಂದು ಒಂದೇ ಸವನ ಊಟಾ ಊಟಾ ಅಂತ ಉಪಚಾರ ಮಾಡಾಕತ್ತಾನ. ಎಂಥಾ ಮಂದಿ! ನಾ ಹೇಳಿದ್ನಿಲ್ಲೋ ಈರಾ, ಒಲಿ ಬ್ಯಾಡ ಅಂತ?”

ನಾನು ಎದ್ದು ನೋಡಿದರೆ, ಕಾವಲುಗಾರ ಸೊಂಟಕ್ಕೆ ಕೈಯಿಟ್ಟು ಸಿಡಿಮಿಡಿಗುಟ್ಟುತ್ತಿದ್ದಾನೆ, ಅತ್ತೆ ಅವನಿಗೆ ಕೈ ಮುಗಿಯುತ್ತಿದ್ದಾರೆ. ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡೆ. ಅವನಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿದೆ, ನೀನು ಏಳು ಎನ್ನುತ್ತೀ, ಅವರು ಊಟ ಎಂದು ಕೇಳಿಸಿಕೊಂಡಿದ್ದಾರೆ ಎಂದು. ಅವನೂ ನಕ್ಕ. ಹಾಗಾದರೆ ಆಜಿ ಊಟ ಯಾಕೆ ಬೇಡವೆನ್ನುತ್ತಾರೆ ಎಂದು ಕೇಳಿದ. ಕೆರೆ, ಸೊಸೆ, ಉಡಿ ಎಲ್ಲ ಹೇಳಿದೆ. ಬೀಗತಿಗೆ ಮರಾಠಿಯಲ್ಲಿ ವಿಹೀಣ ಎನ್ನುತ್ತಾರೆ. “ಕೃಷ್ಣಾಮಾಯಿ ನಮಗೆ ವಿಹೀಣ ಆಗಬೇಕು” ಎಂದಾಗ ಅವನ ನಗು ನಿಂತಿತು. ಟೊಪ್ಪಿಗೆ ತೆಗೆದು ಅತ್ತೆಯವರ ಕಾಲು ಮುಟ್ಟಿದ.

“ಮಗ ಆಮ್ಹೀ ಮುಲೀಕಡಚೇ!”

“ಏನಂತಾನ?” ಎಂದರು ಅತ್ತೆ.

“ಹಂಗಾರ ನಾವು ಹೆಣ್ಣಿನ ಕಡೆಯವರು ಅಂತಾನ್ರಿ.”

“ಅಲ್ಲನ ಮತ್ತ! ನಾ ಮೊದಲ ಅಂದ್ನೆಲ್ಲ.”

ಅವನ ಪಾಳಿ ಮುಗಿಯುವ ಹೊತ್ತಾಗಿತ್ತು. ಮನೆ ನದಿಯ ದಂಡೆಯ ಊರಿನಲ್ಲೇ. ದೊಡ್ಡ ರಸ್ತೆಯಲ್ಲಿ ಹೋದರೆ ಹೊತ್ತು ಮುಳುಗುತ್ತದೆ, ಕಬ್ಬಿನ ನಡುವಿನ ದಾರಿಯಲ್ಲಿ ಬನ್ನಿ ಎಂದು ಮೋಟಾರ್‌ಸೈಕಲ್ಲಿನಲ್ಲಿ ಮುಂದೆ ಹೊರಟ. ನಾವು ಹಿಂದೆ. ಸೂರ್ಯ ಪಡುವಣಕ್ಕೆ ವಾಲಿದ್ದ. ಅತ್ತೆ ಎರಡೆರಡು ನಿಮಿಷಕ್ಕೆ ಕೇಳುತ್ತಿದ್ದರು: “ಹೊತ್ತು ಎಷ್ಟೈತಿ?” “ಐತ್ರಿ ಅತ್ತಿ, ಇನ್ನ ನಾಕು ಮಾರು ಐತಿ,” ಎನ್ನುತ್ತಿದ್ದೆ. ನಾಲ್ಕು ಮಾರು ಮೂರಾಯಿತು, ಎರಡಾಯಿತು.

ನದಿಗೆ ಇನ್ನು ಕೂಗಳತೆ ಇದ್ದಾಗ ಪಿಕಪ್ ಮಲಗಿತು. ಕಬ್ಬಿಗೆ ಬಿಟ್ಟ ನೀರು ದಾರಿಗೆ ಹರಿದು, ಎರೆಮಣ್ಣು ಬೆಣ್ಣೆಯಾಗಿತ್ತು. ಹಿಂದಿನ ಗಾಲಿ ತಿರುಗಿದಷ್ಟೂ ಕೆಳಗೆ ಹೋಯಿತು. ಈರಣ್ಣ ಇಳಿದು ನೋಡಿ, ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

“ವಿಂಚ್ ಇದ್ದಿದ್ರ ಎರಡ ಮಿನಿಟಿನ ಕೆಲಸ ಇತ್ತು!”

“ವಿಂಚ್ ಬೇವಿನ ಗಿಡದ ಬುಡಕ ಐತಿ. ಕೋಳಿ ಕಾಯಾಕತ್ತೈತಿ. ನೂಕು,” ಎಂದರು ನಮ್ಮನೆಯವರು. ಅಂದಿನ ನಾಲ್ಕನೆಯ ಮಾತೂ ಮುಗಿಯಿತು.

ನಡೆದೇ ಹೋಗೋಣವೆಂದರೆ ಆ ಜಾರಿಕೆಯಲ್ಲಿ ಅತ್ತೆಯವರ ಮಂಡಿ ನಾಲ್ಕು ಹೆಜ್ಜೆಗೆ ಕೈಕೊಡುತ್ತಿತ್ತು. ಕಾವಲುಗಾರ ಕಬ್ಬಿನ ಒಣ ಎಲೆ, ರವದಿ, ತಂದು ಗಾಲಿಗೆ ಕೊಟ್ಟ. ಗಾಲಿ ರವದಿಯನ್ನು ಹಿಂದಕ್ಕೆ ಉಗುಳಿತು. ಇನ್ನೊಮ್ಮೆ ಕೊಟ್ಟ, ಇನ್ನೊಮ್ಮೆ ಉಗುಳಿತು. ನಾನು ದಾನಮ್ಮನನ್ನು ಕರೆದೆ. ತಾಯಿ ನೇರವಾಗಿ ಬರುವವಳಲ್ಲ, ಹತ್ತಿರ ಇದ್ದವರ ಬಾಯಲ್ಲಿ ಮಾತಾಡಿಸುತ್ತಾಳೆ. ಅತ್ತೆ ಮಡಚುವ ಕುರ್ಚಿಯಿಂದ ಕೂಗಿದರು.

“ಕೌದಿ ಹಾಕ್ರಿ.”

“ಯವ್ವಾ, ಅದರಾಗ ಅಪ್ಪನ ಧೋತ್ರ ಐತಿ!” ಎಂದ ಈರಣ್ಣ.

“ಅದಕ್ಕ ಹಾಕು ಅನ್ನಾಕತ್ತೇನಿ. ಅಂವ ಜಲ್ಮದಾಗ ಒಮ್ಮಿ ಊರಿದ ಕಾಲ ಕಿತ್ತಾಂವಲ್ಲ. ಗಾಡಿ ಗಾಡಿ ಅಂತ ಹಟಾ ಹಿಡದು ಕುಂತ. ಆ ಹಟಾ ಇವತ್ತರ ಉಪಯೋಗಕ್ಕ ಬರ್ಲಿ.”

ನಾನು ಕೈ ತಡೆದು ಅತ್ತೆಯವರನ್ನು ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ, ಸೂರ್ಯನ ಕಡೆ ನೋಡುತ್ತಿದ್ದರು. ಕೌದಿ ಹರವಿ ಅದರ ಒಂದು ಮೂಲೆಯನ್ನು ಗಾಲಿಯ ಬಾಯಿಗೆ ಕೊಟ್ಟೆವು. ನಮ್ಮನೆಯವರು ಸ್ಟಿಯರಿಂಗ್ ಹಿಡಿದರು, ಉಳಿದ ಮೂವರು ಹಿಂದಿನಿಂದ ನೂಕಿದೆವು. ಗಾಲಿ ಒಮ್ಮೆ ಗುರ್ರೆಂದಿತು, ಕೌದಿಯನ್ನು ಹಲ್ಲಲ್ಲಿ ಕಚ್ಚಿತು, ಆಮೇಲೆ ಒಂದೇ ನೆಗೆತಕ್ಕೆ ಮೇಲೆ ಬಂತು. ಗಾಲಿ ಬಿಟ್ಟ ಕೆಸರೆಲ್ಲ ನನಗೆ ಸಿಕ್ಕಿತು. ಬೀಗರ ಮನೆಗೆಂದು ಟ್ರಂಕಿನಿಂದ ತೆಗೆದ ರೇಷ್ಮೆ ಸೀರೆ, ಮುಡಿ, ಮೂಗುತಿ, ಯಾವುದೂ ಉಳಿಯಲಿಲ್ಲ. ಮಡಿಲ ಗಂಟನ್ನು ಮಾತ್ರ ಗಾಡಿಯ ಮುಂಭಾಗದಲ್ಲಿ ಇಟ್ಟಿದ್ದೆ. ಅಂದಿನ ಲೆಕ್ಕದಲ್ಲಿ ಅದೇ ಮೊದಲ ಉಪಕಾರ.

ನದಿಗೆ ಮುಟ್ಟಿದಾಗ ಸೂರ್ಯ ಒಂದು ಗೇಣು ಮೇಲಿದ್ದ. ಬೆಳಕು ನೀರಿನ ಮೇಲೆ ಅಡ್ಡ ಬಿದ್ದಿತ್ತು. ಅತ್ತೆಯವರನ್ನು ಇಬ್ಬರು ಮಕ್ಕಳು ಎರಡು ಕಡೆ ಹಿಡಿದು ಮೆಟ್ಟಿಲು ಇಳಿಸಿದರು. ಆಚೆ ದಡ ನೋಡಿದರು, ಮೇಲೆ ನೋಡಿದರು, ಕೆಳಗೆ ನೋಡಿದರು. ಕಂಡಿತೆಂದು ಅವರು ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಅವರ ಮುಖದಲ್ಲಿ ನದಿ ಕಾಣುತ್ತಿತ್ತು.

“ಇಷ್ಟ ದೊಡ್ಡ ಮನಿತನ ಬಿಟ್ಟು ನಮ್ಮ ಸಣ್ಣ ಕೆರಿಗಿ ಬಂದಾಳಲ್ಲೋ ಹುಡುಗಿ,” ಎಂದರು.

ಖಣ, ಅಕ್ಕಿ, ಕೊಬ್ಬರಿ, ಬಳೆ, ಒಂದೊಂದಾಗಿ ನೀರಿಗೆ ಕೊಟ್ಟರು. ಮದುವೆಯ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದರು: ನಿನ್ನ ಮಗಳು ಚೆನ್ನಾಗಿದ್ದಾಳೆ, ಕಾಳಜಿ ಮಾಡಬೇಡ, ಬರುವುದು ತಡವಾಯಿತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದು. ಕೊನೆಯ ಒಂದು ಹಿಡಿ ಅಕ್ಕಿ, ಒಂದು ಉತ್ತತ್ತಿ ಕೈಯಲ್ಲಿ ಉಳಿಸಿಕೊಂಡು ನನ್ನ ಕಡೆ ತಿರುಗಿದರು.

“ಸೆರಗು ಒಡ್ಡು.”

“ನಾ ಪೂರಾ ರಾಡಿ ಆಗೇನ್ರಿ ಅತ್ತಿ.”

“ಒಡ್ಡು ಅಂದ್ನಿ.” ಕೆಸರಿನ ಸೆರಗಿಗೆ ಅಕ್ಕಿ ಹಾಕಿದರು. “ನಿಮ್ಮಪ್ಪನ ಮನಿಗೂ ಹಿಂಗ ಹೋಗಬೇಕಾಗಿತ್ತು ತಂಗಿ. ಚಕ್ಕಡ್ಯಾಗ ಹೋಗಿದ್ರೂ ನಡೀತಿತ್ತು. ನಡಕೋತ ಹೋಗಿದ್ರೂ ನಡೀತಿತ್ತು. ಚಲೋ ಗಾಡಿ ಬರ್ಲಿ ಅಂತ ಕುಂತ್ವಿ.”

ಮೂವತ್ತು ವರ್ಷದಲ್ಲಿ ಅವರು ಆ ಮಾತು ಆಡಿದ್ದು ಅದೊಂದೇ ಸಲ. ಮುಖದ ಮೇಲೆ ಅಷ್ಟೊಂದು ಕೆಸರು ಇದ್ದದ್ದು ಅಂದಿನ ಎರಡನೆಯ ಉಪಕಾರ.

ಕಾವಲುಗಾರನ ಮನೆಯಲ್ಲಿ ಅವನ ಹೆಂಡತಿ ನನ್ನನ್ನು ನೋಡಿ ಮೊದಲು ಬಚ್ಚಲಿಗೆ ಕಳಿಸಿದಳು, ತನ್ನದೊಂದು ಸೀರೆ ಕೊಟ್ಟಳು. ಹಿಟ್ಟಿನ ಪಲ್ಯ, ಬಿಸಿ ಭಾಕರಿ, ಹಸಿ ಮೆಣಸು ಕುಟ್ಟಿದ ಠೇಚಾ. ನಮ್ಮ ಶೇಂಗಾ ಹೋಳಿಗೆ ಅವರಿಗೆ. ಅತ್ತೆ ದಣಿದು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದರು. ಎಲ್ಲ ತಾಟು ಹಾಕಿದ ಮೇಲೆ ಕಾವಲುಗಾರ ಅವರ ಮುಂದೆ ನಿಂತು, ನನ್ನ ಕಡೆ ಒಮ್ಮೆ ಕಣ್ಣು ಹೊಡೆದು, ಅಂದು ಕಲಿತ ಒಂದೇ ಒಂದು ಕನ್ನಡ ಮಾತನ್ನು ದೊಡ್ಡದಾಗಿ ಹೇಳಿದ.

“ಆಜೀ! ಊಟಾ, ಊಟಾ!”

ಅತ್ತೆ ಎದ್ದು ಕುಳಿತರು. “ಈಗ ಎದ್ನಿ ನೋಡಪಾ,” ಎಂದರು.

ಇಷ್ಟೇ ಕತೆ. ಈಗ ಅತ್ತೆಯವರಿಗೆ ಬೆಳಕು, ಕತ್ತಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಗುರುತು ಎಷ್ಟು ತೊಳೆದರೂ ಹೋಗದ್ದಕ್ಕೆ ನಾನು ಹಟ ಬಿಟ್ಟು ಅದರ ಗುಂಟ ಕೆಂಪು ದಪ್ಪ ದಾರದಲ್ಲಿ ಹೊಲಿಗೆ ಹಾಕಿಬಿಟ್ಟೆ. ಅತ್ತೆ ಮಧ್ಯಾಹ್ನ ಅದರ ಮೇಲೆ ಬೆರಳಾಡಿಸುತ್ತ ಕೂರುತ್ತಾರೆ. ಇಲ್ಲಿ ಪೈಪು, ಇಲ್ಲಿ ಬೇವಿನ ಮರ, ಇಲ್ಲಿ ಸಿಕ್ಕಿಕೊಂಡದ್ದು ಎಂದು ಪಕ್ಕದ ಮನೆಯ ಮಕ್ಕಳಿಗೆ ಹೇಳುತ್ತಾರೆ. ಪ್ರತಿ ಸಲವೂ ಊಟದ ಕರೆ ಒಂದೆರಡು ಹೆಚ್ಚಾಗುತ್ತದೆ.

ಹೋದ ವಾರ ಈರಣ್ಣನ ಜೀಪು ಕಡೆಗೂ ತಯಾರಾಯಿತು. ಕೋಳಿಯನ್ನು ಇಳಿಸುವುದೇ ದೊಡ್ಡ ಕೆಲಸವಾಯಿತು. ಡೇರೆ, ಫ್ರಿಜ್, ವಿಂಚು, ಒಲೆ ಎಲ್ಲ ಇದೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಘಟ್ಟ ಇಳಿದು ಸಮುದ್ರದ ಕಡೆ ಹೊರಡುವವನಿದ್ದಾನೆ. ಮೊನ್ನೆ ಕೌದಿ ಬಿಸಿಲಿಗೆ ಹಾಕಿದ್ದಾಗಲೇ ಬಂದು, ತಲೆ ಕೆರೆದುಕೊಳ್ಳುತ್ತ ಗೋಡೆಯ ಹತ್ತಿರ ನಿಂತ.

“ವೈನಿ, ಎಲ್ಲಾ ಸಾಮಾನು ಬಂತ್ರಿ. ಇನ್ನೊಂದ ಬೇಕಾಗಿತ್ತು.”

“ಏನಪಾ?”

“ಆ ಕೌದಿ.”

ನಾನು ಒಳಗೆ ಹೋಗಿ ಅತ್ತೆಯವರನ್ನು ಕೇಳಿದೆ. ಅವರು ಮುಗುಳ್ನಕ್ಕರು.

“ಕೊಡು. ಆದ್ರ ಒಲಿ ಇಳಿಸಿ ಹೋಗು ಅಂತ ಹೇಳ.”